ಅಕ್ಕ ಉಜ್ಜಿದ ಕನ್ನಡಿ

ಹಳೆಯ ಕ್ಯಾಮೆರಾ ಕೊಳ್ಳಲು ಹೊರಡುವವರು ಚೀಲದಲ್ಲಿ ಒಂದು ಟಾರ್ಚು, ಒಂದು ಬ್ಯಾಟರಿ, ಒಂದು ಮೆಮೊರಿ ಕಾರ್ಡು, ಹಾಕಿ ನೋಡಲು ತಮ್ಮದೊಂದು ಲೆನ್ಸು ಇಟ್ಟುಕೊಳ್ಳುತ್ತಾರೆ. ಆ ದಿನ ಬೆಳಿಗ್ಗೆ ಅಕ್ಕ ಇವಿಷ್ಟರ ಜೊತೆ ಒಂದು ಸುತ್ತಿಗೆಯನ್ನೂ ಇಟ್ಟುಕೊಂಡಳು. ಎಂಟು ತಿಂಗಳಿಂದ ಅವಳು ಒಂದೇ ಒಂದು ಕ್ಯಾಮೆರಾ ಹುಡುಕುತ್ತಿದ್ದಳು. ಅದು ಸಿಕ್ಕರೆ ತಮ್ಮನ ಕಣ್ಣು ಕಿತ್ತವರು ಸಿಕ್ಕ ಹಾಗೆ. ಸಿಕ್ಕರೆ ತನ್ನ ಕೈ ಸುಮ್ಮನಿರುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ಹೊರಟಿದ್ದಳು.

ಅವಳಿಗೆ ಐವತ್ತೊಂದು. ವಾಚ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಮುಂದಿನ ಕೋಣೆ ಅವಳ ಕೆಲಸದ ಜಾಗ, ಹಿಂದಿನ ಎರಡು ಕೋಣೆ ಮನೆ. ಮನೆಯಲ್ಲಿ ಅವಳು, ಅವಳ ತಮ್ಮ, ತಮ್ಮನ ಹೆಂಡತಿ. ಬೀದಿಗೆಲ್ಲ ಅವಳು ಅಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಕೆಳಗಿನ ವಾಚಿನವನೂ ಅಕ್ಕ ಎಂದೇ ಕರೆಯುತ್ತಿದ್ದ. ಹಳೆಯ ಲೆನ್ಸುಗಳನ್ನು ಬಿಚ್ಚಿ, ಗಾಜಿಗೆ ಹಿಡಿದ ಬೂಷ್ಟು ಒರೆಸಿ, ಗಟ್ಟಿಯಾದ ಗ್ರೀಸು ತೆಗೆದು, ಮತ್ತೆ ಜೋಡಿಸಿ ಕೊಡುವುದು ಅವಳ ಕಸುಬು.

ಗಿರಾಕಿಗಳೆಲ್ಲ ಒಂದೇ ಬಗೆಯ ಹುಚ್ಚರು. ಅಂಗಡಿಗೆ ಹೋದರೆ ಹೊಸ ಕ್ಯಾಮೆರಾ ಸಿಗುತ್ತದೆ, ಅದೇ ಮುಖ ಹುಡುಕುತ್ತದೆ, ಅದೇ ಬೆಳಕು ಅಳೆಯುತ್ತದೆ, ಇನ್ನೇನು ಊಟವನ್ನೂ ಅದೇ ಬಡಿಸುತ್ತದೆ ಅನ್ನಬೇಕು. ಇವರಿಗೆ ಅದು ಬೇಡ. ಹತ್ತು ಹದಿನೈದು ವರ್ಷದ ಹಿಂದಿನ, ಇಟ್ಟಿಗೆಯಷ್ಟು ಭಾರದ, ಹಿಡಿಯ ರಬ್ಬರು ಕೈಗಂಟುವ ಡಿಜಿಟಲ್ ಕ್ಯಾಮೆರಾ ಬೇಕು. ಅದಕ್ಕೆ ತಮ್ಮ ತಾತ ಬಳಸಿದ ಲೆನ್ಸು ಕೂರಬೇಕು. ಆ ಕ್ಯಾಮೆರಾಗಳಲ್ಲಿ ಮೈಬಣ್ಣ ಮೈಬಣ್ಣದ ಹಾಗೇ ಬರುತ್ತದಂತೆ. ಇರಬಹುದು. ಯಾರದೋ ಮನೆಯ ಬಿಳಿ ಗೋಡೆಯ ಫೋಟೊ ತೆಗೆದು ಒಳಗಿನ ಧೂಳು ಹುಡುಕುವ, ಮುಚ್ಚಳ ಹಾಕಿಕೊಂಡೇ ಕತ್ತಲೆಯ ಫೋಟೊ ತೆಗೆದು ಅದರಲ್ಲೂ ಹೊಳೆಯುವ ಕೆಟ್ಟ ಚುಕ್ಕೆ ಎಣಿಸುವ ಈ ಗಂಡಸರನ್ನು ನೋಡಿದಾಗಲೆಲ್ಲ, ಹೆಣ್ಣು ನೋಡಲು ಬಂದವರು ಕೂಡ ಇಷ್ಟು ಹುಳುಕು ಹುಡುಕುವುದಿಲ್ಲ ಎಂದು ಅಕ್ಕ ನಗುತ್ತಿದ್ದಳು.

ಆ ಹುಚ್ಚರಲ್ಲಿ ಅವಳ ತಮ್ಮನದು ಮೊದಲ ಸಾಲು. ಅವನ ಬಳಿ ಒಂದು ಅಗಲ ನೋಟದ ಹಳೆಯ ಲೆನ್ಸಿತ್ತು. ಅದರ ಹಿಂಭಾಗ ಕ್ಯಾಮೆರಾದ ಹೊಟ್ಟೆಯೊಳಕ್ಕೆ ಉಗುರಿನಷ್ಟು ಹೆಚ್ಚು ಚಾಚುತ್ತಿತ್ತು. ಕ್ಯಾಮೆರಾದೊಳಗೆ ಒಂದು ಪುಟ್ಟ ಕನ್ನಡಿ ಇರುತ್ತದೆ. ಗುಂಡಿ ಒತ್ತಿದಾಗ ಅದು ಫಟ್ಟೆಂದು ಮೇಲಕ್ಕೆ ಏಳುತ್ತದೆ. ಏಳುವ ಕನ್ನಡಿ ಚಾಚಿದ ಲೆನ್ಸಿಗೆ ಬಡಿದರೆ ಎರಡೂ ಹಾಳು. ಅದಕ್ಕೇ ಕನ್ನಡಿಯ ಅಂಚನ್ನು ಅರದಿಂದ ಉಜ್ಜಿ ಚಿಕ್ಕದು ಮಾಡಬೇಕು. ಬೇರೆಯವರು ನೇರವಾಗಿ ಉಜ್ಜುತ್ತಾರೆ. ಅಕ್ಕ ಬಾಗಿಸಿ ಉಜ್ಜುತ್ತಿದ್ದಳು, ಉಗುರು ಕತ್ತರಿಸಿದ ಹಾಗೆ. ಲೆನ್ಸು ದುಂಡಗಿರುವಾಗ ಕನ್ನಡಿಯನ್ನು ಯಾಕೆ ಉದ್ದಕ್ಕೂ ಕಳೆಯಬೇಕು ಎನ್ನುವುದು ಅವಳ ವಾದ. ತಮ್ಮನ ಕ್ಯಾಮೆರಾದ ಕನ್ನಡಿಗೆ ಎರಡು ದಿನ ಹಿಡಿಯಿತು. ಕೊನೆಯಲ್ಲಿ ಅರ ಜಾರಿ ಎಡ ಮೂಲೆಯಲ್ಲಿ ಒಂದು ಚಿಕ್ಕ ಕಚ್ಚು ಬಿತ್ತು. ತಮ್ಮ ಮೂರು ದಿನ ಮುಖ ಊದಿಸಿಕೊಂಡಿದ್ದ. ಜಗತ್ತಿನಲ್ಲಿ ಅಂಥ ಕನ್ನಡಿ ಇನ್ನೊಂದಿಲ್ಲ.

ಎಂಟು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅವನು ಮೆಟ್ಟಿಲು ಹತ್ತಿ ಬಂದಾಗ ಬಲಗಣ್ಣಿದ್ದ ಕಡೆ ಒದ್ದೆ ಕರವಸ್ತ್ರ ಒತ್ತಿಕೊಂಡಿದ್ದ. ಅಂಗಿಯ ಮುಂಭಾಗ ಪೂರ್ತಿ ಕೆಂಪು. ಯಾರದೋ ಲೆನ್ಸು ನೋಡಲು ಹೋಗಿದ್ದೆ, ಮೂವರು ಹಿಡಿದು ಬಡಿದರು, ಕ್ಯಾಮೆರಾ ಕಿತ್ತುಕೊಂಡರು ಎಂದ. ಮಾರುಕಟ್ಟೆಯ ಹಿಂದಿನ ಓಣಿ ಎಂದ. ಮುಖ ನೆನಪಿಲ್ಲ ಎಂದ. ಆಸ್ಪತ್ರೆಯಲ್ಲಿ ಕಣ್ಣು ತೆಗೆದುಹಾಕಿದರು. ಹೆಂಡತಿ ಗೋಡೆಗೊರಗಿ ನಿಂತಿದ್ದಳು. ಠಾಣೆಗೆ ಹೋಗಿ ದೂರು ಬರೆಸಿದವಳು ಅಕ್ಕ. ಓಣಿಯ ಮನೆಮನೆ ಬಾಗಿಲು ಬಡಿದವಳೂ ಅವಳೇ. ಯಾರೂ ಏನೂ ಕಂಡಿರಲಿಲ್ಲ.

ಮೂವರ ಏಟು ತಿಂದವನ ಮುಖದಲ್ಲಿ ಒಂದೇ ಒಂದು ಗಾಯ ಇತ್ತು, ಅದೂ ಕಡ್ಡಿ ಚುಚ್ಚಿದಷ್ಟು ಸಣ್ಣ ತೂತು. ಡಾಕ್ಟರು ಅದನ್ನು ಅಕ್ಕನಿಗೆ ಹೇಳಿದ್ದರು. ಕ್ಯಾಮೆರಾ ಕಿತ್ತುಕೊಂಡ ಕಳ್ಳರು ಬೆಲೆಬಾಳುವ ಲೆನ್ಸನ್ನು ಅವನ ಜೇಬಿನಲ್ಲೇ ಬಿಟ್ಟಿದ್ದರು. ಕಳ್ಳರಿಗೆ ಲೆನ್ಸಿನ ಗಂಧ ಏನು ಗೊತ್ತು ಎಂದು ಅಕ್ಕ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬೇರೆಯವರ ಲೆನ್ಸಿನಲ್ಲಿ ಕೂದಲೆಳೆಯಷ್ಟು ಗೀರಿದ್ದರೂ ಹಿಡಿಯುವ ಹೆಂಗಸು, ಮನೆಯವರ ಮಾತಿನಲ್ಲಿ ಬಂಡಿ ಹೋಗುವಷ್ಟು ಬಿರುಕಿದ್ದರೂ ಕಣ್ಣು ಮುಚ್ಚಿಕೊಂಡಳು. ಅವಳ ಮೇಲೆ ಸಿಟ್ಟು ಬರುತ್ತದೆ, ಆದರೆ ಏನು ಮಾಡುವುದು, ತಾಯಿ ಸತ್ತ ಮೇಲೆ ಆ ತಮ್ಮನನ್ನು ಕಂಕುಳಲ್ಲಿ ಹೊತ್ತು ಸಾಕಿದವಳು ಅವಳು.

ಅಂದಿನಿಂದ ಹಳೆಯ ಕ್ಯಾಮೆರಾ ಮಾರುವ ಪ್ರತಿಯೊಂದು ಜಾಹೀರಾತನ್ನೂ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡತೊಡಗಿದಳು. ಮೊನ್ನೆ ಫೋನಿನಲ್ಲಿ ಒಂದು ಬಂತು. ‘ಹಳೆ ಕ್ಯಾಮೆರಾ. ಚಾರ್ಜರ್ ಇಲ್ಲ. ಲೆನ್ಸ್ ಇಲ್ಲ. ಬೇಗ ತೆಗೆದುಕೊಂಡು ಹೋಗುವವರಿಗೆ ಮಾತ್ರ.’ ಮುಚ್ಚಳವಿಲ್ಲದ ಬಾಯನ್ನು ನೇರವಾಗಿ ತೋರಿಸುವ ಒಂದೇ ಫೋಟೊ. ಅಕ್ಕ ಎರಡು ಬೆರಳಿಂದ ಅದನ್ನು ಹಿಗ್ಗಿಸಿದಳು. ಕನ್ನಡಿಯ ಅಂಚು ಉಗುರು ಕತ್ತರಿಸಿದ ಹಾಗೆ ಬಾಗಿತ್ತು. ತಮ್ಮನಿಗೆ ಹೇಳಲಿಲ್ಲ. ಒಂಟಿ ಕಣ್ಣಿನವನು ಮತ್ತೆ ಆ ಜನರ ಕೈಗೆ ಸಿಗುವುದು ಬೇಡ, ಇದು ತನ್ನ ಕೆಲಸ ಎಂದುಕೊಂಡಳು.

ವಿಳಾಸ ಮಾರುಕಟ್ಟೆಯ ಕಡೆಯದಲ್ಲ, ಅದರ ತದ್ವಿರುದ್ಧ ದಿಕ್ಕಿನದು. ಕೋರ್ಟು ಕಚೇರಿಗಳ ಹಿಂದೆ ಮುದ್ರಣದ ಅಂಗಡಿಗಳ ಸಾಲು, ಅದರ ಕೊನೆಯಲ್ಲಿ ಒಂದು ಬೈಂಡಿಂಗ್ ಮನೆ. ಒಳಗೆ ಅಂಟಿನ ಹುಳಿ ವಾಸನೆ. ನೆಲದಿಂದ ಎದೆಮಟ್ಟದವರೆಗೆ ಹೊಲಿದಿಟ್ಟ ಕಾಗದದ ಕಟ್ಟುಗಳು. ಗೋಡೆಯ ಪಕ್ಕ ಕಬ್ಬಿಣದ ಪ್ರೆಸ್ಸು, ಅದರ ನೆತ್ತಿಯ ಮೇಲೆ ತಿರುಗಿಸುವ ದೊಡ್ಡ ಚಕ್ರ. ಮೇಜಿನ ಮೇಲೆ ದಾರದ ಉಂಡೆ, ಮೇಣ, ಮರದ ಹಿಡಿಯ ದಬ್ಬಳಗಳು. ಅರವತ್ತರ ಒಬ್ಬ ತೆಳ್ಳನೆಯ ಮನುಷ್ಯ ಬಲಗೈಯನ್ನು ಅಂಗಿಯ ಜೇಬಿನೊಳಗಿಟ್ಟುಕೊಂಡು ಎಡಗೈಯಿಂದ ರಟ್ಟು ಜೋಡಿಸುತ್ತಿದ್ದ.

“ಕ್ಯಾಮೆರಾಗೆ ಫೋನ್ ಮಾಡಿದ್ದು ನೀವೇನಾ? ಬನ್ನಿ, ಕೂತ್ಕೊಳ್ಳಿ,” ಎಂದ. “ಮಗಳು ಒಳಗೆ ಅಂಟು ಕಾಯಿಸ್ತಿದ್ದಾಳೆ. ಅವಳೇ ಹಾಕಿದ್ದು ಅದನ್ನ ಮಾರಾಟಕ್ಕೆ. ನಂಗೆ ಅದರ ತಲೆಬುಡ ಗೊತ್ತಿಲ್ಲ.”

ಬಟ್ಟೆಯಲ್ಲಿ ಸುತ್ತಿಟ್ಟ ಕ್ಯಾಮೆರಾ ತಂದು ಮೇಜಿನ ಮೇಲಿಟ್ಟ. ಅಕ್ಕ ಬೆಳಕಿಗೆ ಹಿಡಿದು ಟಾರ್ಚು ಬಿಟ್ಟಳು. ಬಾಗಿದ ಅಂಚು. ಎಡ ಮೂಲೆಯ ಕಚ್ಚು. ಇನ್ನು ಯಾವ ಅನುಮಾನವೂ ಉಳಿಯಲಿಲ್ಲ.

“ಇದು ನಿಮ್ಮ ಕೈಗೆ ಹೇಗೆ ಬಂತು?”

ಮುದುಕ ಬಾಗಿಲ ಕಡೆ ನೋಡಿದ. ಮೇಜು ನೋಡಿದ. “ಯಾರೋ ಬಿಟ್ಟು ಹೋದ್ರು,” ಎಂದ.

ಬಿಟ್ಟು ಹೋದರಂತೆ. ಕೊಡೆ ಬಿಟ್ಟು ಹೋಗುವ ಹಾಗೆ. ಅಕ್ಕನ ಪಿತ್ತ ನೆತ್ತಿಗೇರಿತು. “ಕಣ್ಣನ್ನೂ ಬಿಟ್ಟು ಹೋದ್ನೇನೋ, ಬಡ್ಡೀಮಗನೆ?” ಎನ್ನುತ್ತಲೇ ಚೀಲದಿಂದ ಸುತ್ತಿಗೆ ತೆಗೆದು ಬೀಸಿದಳು. ಏಟು ಕುತ್ತಿಗೆಯ ಕೆಳಗಿನ ಮೂಳೆಗೆ ಬಿತ್ತು. ಒಣ ಕಡ್ಡಿ ಮುರಿದಂಥ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಮುದುಕ ಕೂಗಲೂ ಉಸಿರಿಲ್ಲದೆ ಕಾಗದದ ಕಟ್ಟುಗಳ ಮೇಲೆ ಬಿದ್ದ. ಕಟ್ಟುಗಳು ಅವನ ಮೇಲೆ ಉರುಳಿದವು. ಅಕ್ಕ ಅವನ್ನು ಕಾಲಿನಿಂದ ಒದ್ದು ಸರಿಸಿ ಮತ್ತೆ ಸುತ್ತಿಗೆ ಎತ್ತಿದಳು. ಅವಳಿಗೆ ಆಗ ಸುಖವಾಗುತ್ತಿತ್ತು. ಸುಳ್ಳು ಯಾಕೆ ಹೇಳಬೇಕು, ಎಂಟು ತಿಂಗಳಲ್ಲಿ ಮೊದಲ ಸಲ ಅವಳಿಗೆ ಹಾಯೆನಿಸುತ್ತಿತ್ತು.

ಮುದುಕ ಮುಖ ಕಾಪಾಡಿಕೊಳ್ಳಲು ಬಲಗೈ ಎತ್ತಿದ. ಅದನ್ನು ಕೈ ಎನ್ನುವುದು ಕಷ್ಟ. ನಾಲ್ಕು ಬೆರಳೂ ಚಪ್ಪಟೆಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಎರಡಕ್ಕೆ ಉಗುರೇ ಇರಲಿಲ್ಲ. ಅಕ್ಕ ಅದನ್ನು ನೋಡಿದಳು, ನೋಡಿಯೂ ಸುತ್ತಿಗೆ ಬೀಸಿದಳು. ಇಳಿದು ಬರುತ್ತಿದ್ದ ತೋಳನ್ನು ಯಾರೋ ಹಿಂದಿನಿಂದ ಹಿಡಿದರು.

ಮಗಳು. ಮೂವತ್ತರ ಗಟ್ಟಿಮುಟ್ಟಾದ ಹೆಂಗಸು, ಮೊಣಕೈವರೆಗೆ ಅಂಟು. ಅಕ್ಕನ ಜುಟ್ಟು ಹಿಡಿದು ಮುಖವನ್ನು ಮೇಜಿನ ಅಂಚಿಗೆ ಬಡಿದಳು. ಹುಬ್ಬು ಸೀಳಿತು. ಇನ್ನೊಮ್ಮೆ ಬಡಿದಳು. ಸುತ್ತಿಗೆ ಎಲ್ಲೋ ಹೋಯಿತು. ಅಕ್ಕ ಹಿಂದಕ್ಕೆ ಒದ್ದಳು, ಮಗಳ ಮೊಣಕಾಲಿಗೆ ತಾಗಿತು, ಇಬ್ಬರೂ ಮಗಳು ಕಾಯಿಸಿ ತಂದಿಟ್ಟಿದ್ದ ಅಂಟಿನ ಬೋಗುಣಿಯ ಜೊತೆ ನೆಲಕ್ಕೆ ಉರುಳಿದರು. ಬಿಸಿ ಅಂಟು ಅಕ್ಕನ ಕುತ್ತಿಗೆಯನ್ನು ಸುಟ್ಟಿತು. ಅವಳು ಮಗಳ ಕೈ ಕಚ್ಚಿದಳು, ಬಾಯೊಳಗೆ ರಕ್ತ ಬರುವವರೆಗೂ ಬಿಡಲಿಲ್ಲ. ಆದರೆ ಐವತ್ತೊಂದು ಐವತ್ತೊಂದೇ. ಕಣ್ಣು ಬಿಟ್ಟಾಗ ಮಗಳು ಅವಳ ಎದೆಯ ಮೇಲೆ ಕೂತಿದ್ದಳು, ದಬ್ಬಳದ ಮೊನೆ ಅವಳ ಕಣ್ರೆಪ್ಪೆಗೆ ತಾಗುತ್ತಿತ್ತು.

“ಅದೇ ಮೂಗು. ಅದೇ ಹುಬ್ಬು,” ಎಂದಳು ಮಗಳು ಏದುಸಿರು ಬಿಡುತ್ತ. “ನಿಮ್ಮ ಮನೆಯವರ ಒಂದು ಕಣ್ಣು ಹೋಗಿದ್ದು ಸಾಲ್ಲಿಲ್ವಾ? ಇನ್ನೊಂದೂ ಹೋಗ್ಬೇಕಾ?”

“ನೀನಾ?” ಎಂದಳು ಅಕ್ಕ. “ನೀನಾ ಚುಚ್ಚಿದ್ದು?”

“ಹೌದು, ನಾನೇ. ಇದೇ ದಬ್ಬಳದಲ್ಲಿ. ಇನ್ನೊಂದು ಸಲ ಬಂದ್ರೆ ಇನ್ನೊಂದು ಸಲ ಚುಚ್ತೀನಿ. ಅಪ್ಪನ ಕೈ ನೋಡ್ದೆ ತಾನೇ? ನೋಡಿನೂ ಹೊಡಿಯೋಕೆ ಹೋದೆ. ನೀವು ಮನುಷ್ಯರಾ?”

ಕಟ್ಟುಗಳ ನಡುವಿನಿಂದ ಮುದುಕನ ದನಿ ಬಂತು. “ಬಿಡಮ್ಮ. ಅವಳಿಗೆ ಏನು ಹೇಳಿ ಕಳಿಸಿದ್ದಾನೋ.”

ಮಗಳು ದಬ್ಬಳ ತೆಗೆಯಲಿಲ್ಲ. ಮುದುಕ ಮಲಗಿದಲ್ಲೇ, ಉಸಿರು ಹಿಡಿದು ಹಿಡಿದು, ಹೇಳಿದ. ಅವನ ಸೋದರಮಾವನ ಲೆನ್ಸೊಂದು ಮನೆಯಲ್ಲಿತ್ತು. ಮಾರಾಟಕ್ಕಿಟ್ಟಿದ್ದರು. ತಮ್ಮ ಬಂದ, ತನ್ನ ಲೆನ್ಸು ಬಿಚ್ಚಿ ಜೇಬಿಗೆ ಹಾಕಿಕೊಂಡು ಇದನ್ನು ಕ್ಯಾಮೆರಾಗೆ ಹಾಕಿ ನೋಡಿದ, ಟಾರ್ಚು ಬಿಟ್ಟ, ಒಳಗೆಲ್ಲ ಬೂಷ್ಟು ಹಿಡಿದಿದೆ, ಇದು ಕಸ, ಕೊಟ್ಟಷ್ಟಕ್ಕೆ ಕೊಡು ಎಂದು ದೊಡ್ಡ ಭಾಷಣ ಮಾಡಿದ. ಮುದುಕ ಪಂಚೆಯ ತುದಿಯಲ್ಲಿ ಗಾಜು ಒರೆಸಿದ. ಬೂಷ್ಟು ಹೋಯಿತು. ಅದು ಹೆಬ್ಬೆಟ್ಟಿನ ಗುರುತು.

“ನಾನು ನಕ್ಕುಬಿಟ್ಟೆ,” ಎಂದ ಮುದುಕ. “ಅಷ್ಟೇ ನಾನು ಮಾಡಿದ್ದು. ಇಷ್ಟು ಗೊತ್ತಿರೋರು ಇದನ್ನೇ ನೋಡ್ಲಿಲ್ವಲ್ಲ ಅಂತ. ಅವನು ಲೆನ್ಸು ಬಿಚ್ಚಿಟ್ಟು ಕ್ಯಾಮೆರಾದಲ್ಲೇ ನನ್ನ ತಲೆಗೆ ಹೊಡೆದ. ಕೈ ಎಳಕೊಂಡು ಹೋಗಿ ಪ್ರೆಸ್ಸಿಗೆ ಹಾಕ್ದ. ಆಮೇಲೆ ಸಿಟ್ಟೂ ಇರ್ಲಿಲ್ಲಮ್ಮ ಅವನಿಗೆ. ಮೆತ್ತಗೆ ಮಾತಾಡ್ತಿದ್ದ. ‘ತಪ್ಪಾಯ್ತು ಅನ್ನು’ ಅನ್ನೋದು, ಒಂದು ಸುತ್ತು ತಿರುಗಿಸೋದು. ನಾನು ಅಂದೆ. ‘ಕೇಳಿಸ್ಲಿಲ್ಲ, ಸರಿಯಾಗಿ ಅನ್ನು’ ಅನ್ನೋದು, ಇನ್ನೊಂದು ಸುತ್ತು. ನಾನು ಅಂದೇ ಅಂದೆ, ಬಿಡ್ಲೇ ಇಲ್ಲ. ಇವಳು ಬಂದು ಚುಚ್ಚಿದ ಮೇಲೇ ಕ್ಯಾಮೆರಾನೂ ಬಿಟ್ಟು ಓಡಿದ್ದು.”

ಅಕ್ಕ ಕೊಸರಾಡುವುದನ್ನು ಬಿಟ್ಟಳು. ಸಾಕ್ಷಿ ಬೇಕಿರಲಿಲ್ಲ ಅವಳಿಗೆ. ಅವಳ ಎಡಗೈಯ ಉಂಗುರದ ಬೆರಳು ನಡುಗೆಣ್ಣಿನಿಂದ ಪಕ್ಕಕ್ಕೆ ವಾಲಿದೆ. ಕೇಳಿದವರಿಗೆಲ್ಲ ಲೇಥಿಗೆ ಸಿಕ್ಕಿತು ಎಂದು ಹೇಳಿಕೊಂಡು ಬಂದಿದ್ದಾಳೆ. ಅದು ಸಿಕ್ಕಿದ್ದು ಬಾಗಿಲ ಸಂದಿಗೆ. ಆಗ ತಮ್ಮನಿಗೆ ಹದಿನಾಲ್ಕು. ಅವನ ಬರವಣಿಗೆ ನೋಡಿ ಅವಳು ನಕ್ಕಿದ್ದಳು. ಬಾಗಿಲನ್ನು ನಿಧಾನಕ್ಕೆ ಒತ್ತುತ್ತ ಇದೇ ಮೆತ್ತನೆಯ ದನಿಯಲ್ಲಿ ಅವನು ಅಂದದ್ದು ಇದೇ: ತಪ್ಪಾಯ್ತು ಅನ್ನು. ಕೇಳಿಸ್ಲಿಲ್ಲ. ಸರಿಯಾಗಿ ಅನ್ನು. ಆ ರಾತ್ರಿ ಅವನೇ ಅಳುತ್ತ ಅವಳ ಬೆರಳಿಗೆ ಬಟ್ಟೆ ಕಟ್ಟಿದ್ದ, ಅವಳೇ ಅವನ ಕಣ್ಣೊರೆಸಿದ್ದಳು.

“ಅವನು ಹಾಗೇ,” ಎಂದಳು. “ಹಾಗೇ ಅನ್ನೋದು ಅವನು.”

ಮಗಳು ದಬ್ಬಳ ಹಿಂದಕ್ಕೆ ತೆಗೆದು ಅವಳ ಎದೆಯಿಂದ ಎದ್ದಳು. “ನಿಮಗೆ ಗೊತ್ತಿತ್ತು,” ಎಂದಳು.

“ಇದು ಗೊತ್ತಿರ್ಲಿಲ್ಲ.”

“ಅವನು ಗೊತ್ತಿದ್ದ.”

ಇಬ್ಬರೂ ಸೇರಿ ಮುದುಕನನ್ನು ಎತ್ತಿ ಕೂರಿಸಿದರು. ಅಕ್ಕ ಮುಟ್ಟಿದಾಗಲೆಲ್ಲ ಅವನು ಬೆಚ್ಚುತ್ತಿದ್ದ. ಠಾಣೆಗೆ ಯಾಕೆ ಹೋಗಲಿಲ್ಲ ಎಂದು ಅವಳು ಕೇಳಿದಳು. ಕಣ್ಣು ಕಿತ್ತವಳು ಮಗಳು, ಮೊದಲು ಒಳಗೆ ಹಾಕುವುದು ಅವಳನ್ನೇ ಎಂದು ಹೆದರಿ ಎಂಟು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಆ ಕ್ಯಾಮೆರಾ ಮನೆಯಲ್ಲಿದ್ದರೆ ಅಪ್ಪನಿಗೆ ನಿದ್ದೆ ಬರುವುದಿಲ್ಲ, ಅದಕ್ಕೇ ಮಾರಲು ಹೊರಟದ್ದು ಎಂದಳು ಮಗಳು. ಮುರಿದ ಮೂಳೆಗೆ ಬಟ್ಟೆ ಕಟ್ಟಿ, ಬಾಡಿಗೆ ಕಾರಿನಲ್ಲಿ ಅಪ್ಪನನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೊರಟಾಗ ಕ್ಯಾಮೆರಾವನ್ನು ಅಕ್ಕನ ಕಾಲ ಬಳಿ ಎಸೆದಳು. “ತಗೊಂಡು ಹೋಗಿ. ನಿಮ್ಮದೇ ಅಲ್ವಾ.”

“ಮೊದ್ಲು ಮನೆಗೆ ಹೋಗ್ತೀನಿ, ಆಮೇಲೆ ಠಾಣೆಗೆ ಹೋಗ್ತೀನಿ,” ಎಂದಳು ಅಕ್ಕ.

“ಹೋಗಲ್ಲ ನೀವು,” ಎಂದು ಮಗಳು ಕಾರಿನ ಬಾಗಿಲು ಹಾಕಿಕೊಂಡಳು.

ಮನೆ ತಲುಪುವವರೆಗೂ ಆ ಮಾತು ಅಕ್ಕನನ್ನು ತಿವಿಯುತ್ತಿತ್ತು. ದಾರಿಯಲ್ಲಿ ಠಾಣೆ ಸಿಕ್ಕಿತು, ಅದರ ಎದುರೇ ನಡೆದು ಬಂದಳು. ಮೊದಲು ಅವನ ಬಾಯಿಂದ ಕೇಳಬೇಕು ಅನಿಸಿತು. ಇಲ್ಲ ಎಂದು ಬಿಡಲಿ, ಬೇರೆ ಏನಾದರೂ ಹೇಳಲಿ, ನಂಬುವಂಥದ್ದು ಹೇಳಲಿ ಎಂದು ಅವಳ ಹಾಳು ಮನಸ್ಸು ಇನ್ನೂ ಆಸೆಪಡುತ್ತಿತ್ತು.

ಮಧ್ಯಾಹ್ನದ ಬಿಸಿಲು ಕೆಲಸದ ಕೋಣೆಯ ಕಿಟಕಿಯಿಂದ ಬೆಂಚಿನ ಮೇಲೆ ಬಿದ್ದಿತ್ತು. ತಮ್ಮ ಅಲ್ಲೇ ಕೂತು ಒಂದು ಲೆನ್ಸಿನ ತಿರುಪು ಬಿಚ್ಚುತ್ತಿದ್ದ. ಅವನ ಹೆಂಡತಿ ಮೂಲೆಯ ಮೇಜಿನಲ್ಲಿ ಫೋಟೊಗಳ ಅಂಚು ಕತ್ತರಿಸುತ್ತಿದ್ದಳು. ಅವಳು ಮನೆಗೆ ಬಂದು ಏಳು ವರ್ಷ; ನಡೆದರೆ ಸದ್ದಾಗದ ಹೆಂಗಸು. ಅಕ್ಕನ ಸೀಳಿದ ಹುಬ್ಬು, ಸುಟ್ಟ ಕುತ್ತಿಗೆ ನೋಡಿ ಅವಳು ಎದ್ದು ನಿಂತಳು. ತಮ್ಮ ನೋಡಿದ್ದು ಕ್ಯಾಮೆರಾವನ್ನು.

“ಅಯ್ಯೋ, ಸಿಕ್ತಾ!” ಎಂದು ಕಸಿದುಕೊಂಡ. ಬೆಳಕಿಗೆ ಹಿಡಿದು ಒಳಗೆ ಇಣುಕಿದ. “ಕನ್ನಡಿಗೆ ಏನೂ ಆಗಿಲ್ಲ. ಸೆನ್ಸರಿಗೆ ಸ್ವಲ್ಪ ಧೂಳು ಅಷ್ಟೇ. ಅಕ್ಕಾ, ನೀನು ದೇವರು ಕಣೆ!”

“ಬೈಂಡಿಂಗಿನವರ ಕೈ ನೋಡ್ದೆ,” ಎಂದಳು ಅಕ್ಕ.

ಅವನು ಕ್ಯಾಮೆರಾವನ್ನು ಬೆಂಚಿನ ಮೇಲಿಟ್ಟ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಅವನು ನಕ್ಕ, ಅಕ್ಕ.”

“ನಕ್ಕಿದ್ದಕ್ಕಾ?”

“ನೀನು ಅಲ್ಲಿರ್ಲಿಲ್ಲ. ಅವನು ಹೇಗೆ ನಕ್ಕ ಅಂತ ನಿಂಗೇನು ಗೊತ್ತು? ನನ್ನ ಕಣ್ಣೇ ಹೋಯ್ತು. ಅದನ್ನ ಬಿಟ್ಟು ಅವನ ಬೆರಳಿಗೆ ಅಳೋಕೆ ಬಂದಿದ್ದೀಯಾ?”

“ನಾನೂ ಅವರ ಮೂಳೆ ಮುರಿದು ಬಂದಿದ್ದೀನಿ. ನಿನ್ನ ಮಾತು ನಂಬ್ಕೊಂಡು.” ಅಕ್ಕನ ದನಿ ಏರಿತು. “ಠಾಣೆಗೆ ಹೋಗ್ತೀನಿ. ನಾನು ಮಾಡಿದ್ದನ್ನೂ ಹೇಳ್ತೀನಿ, ನೀನು ಮಾಡಿದ್ದನ್ನೂ ಹೇಳ್ತೀನಿ.”

ತಮ್ಮ ನಿಧಾನವಾಗಿ ಎದ್ದ. ಅವಳ ಎಡಗೈ ಮಣಿಕಟ್ಟು ಹಿಡಿದ. ಹಿಡಿತ ಬಿಗಿಯಾಗುವಷ್ಟರಲ್ಲಿ ಅವಳಿಗೆ ಅರ್ಥವಾಗಿತ್ತು, ಆದರೆ ಅವನ ತೋಳಿನ ಮುಂದೆ ಅವಳ ತೋಳು ಯಾವ ಲೆಕ್ಕ? ಬೆಂಚಿನ ತುದಿಗೆ ಬೋಲ್ಟು ಹಾಕಿದ್ದ ವೈಸಿನ ಎರಡು ದವಡೆಗಳ ನಡುವೆ ಅವಳ ಬೆರಳುಗಳನ್ನು ತುರುಕಿ, ಇನ್ನೊಂದು ಕೈಯಿಂದ ಹಿಡಿ ತಿರುಗಿಸಿದ. ಅವಳು ದಿನಕ್ಕೆ ಹತ್ತು ಸಲ ಲೆನ್ಸಿನ ಹಿತ್ತಾಳೆಯ ಬಳೆ ಕಚ್ಚಿಸಿ ಉಜ್ಜುವ ವೈಸು. ಅದರ ಬಿಗಿ ಎಷ್ಟೆಂದು ಅವಳಷ್ಟು ಯಾರಿಗೂ ಗೊತ್ತಿರಲಿಲ್ಲ.

“ತಪ್ಪಾಯ್ತು ಅನ್ನು,” ಎಂದ ಮೆತ್ತಗೆ.

ಒಂದು ಸುತ್ತು. ಅಕ್ಕ ಹಲ್ಲು ಕಚ್ಚಿದಳು. ಹದಿನಾಲ್ಕು ವರ್ಷದ ಹುಡುಗನಿಗೆ ಅವಳು ಮೊದಲ ಒತ್ತಿಗೇ ಅಂದುಬಿಟ್ಟಿದ್ದಳು.

“ಅನ್ನಲ್ಲ.”

ಇನ್ನೊಂದು ಸುತ್ತು. ಒಳಗೆ ಏನೋ ಜಾರಿತು, ಆಮೇಲೆ ಒಡೆಯಿತು. ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಗಂಟಲು ಹರಿಯುವ ಹಾಗೆ ಕೂಗಿದಳು. “ವಾಚಿನವ್ರೇ! ಮೇಲೆ ಬನ್ನಿ! ಇವನು ನನ್ನ ಕೈ ಮುರೀತಿದ್ದಾನೆ! ಬನ್ನಿ!”

ಮೂವತ್ತು ವರ್ಷದಲ್ಲಿ ಆ ಕಿಟಕಿಯಿಂದ ಅಂಥ ಕೂಗು ಹೊರಗೆ ಹೋಗಿರಲಿಲ್ಲ. ತಮ್ಮ ಹಿಡಿ ಬಿಟ್ಟು ಅವಳ ಬಾಯಿ ಅದುಮಿದ. ಇನ್ನೊಂದು ಕೈಯಿಂದ ಕುತ್ತಿಗೆ ಹಿಸುಕಿದ, ಸುಟ್ಟ ಜಾಗದಲ್ಲೇ. ಚರ್ಮ ಸುಲಿಯಿತು. ಅವಳಿಗೆ ಕಣ್ಣು ಕತ್ತಲಿಟ್ಟಿತು. ಬಲಗೈಯಿಂದ ಅವನ ಮುಖ ಪರಚಿದಳು, ಅವನು ಹಣೆಯಿಂದ ಅವಳ ಮೂಗಿಗೆ ಗುದ್ದಿದ. ಅವನ ಒಂಟಿ ಕಣ್ಣು ಅವಳ ಮುಖಕ್ಕೆ ಅಷ್ಟು ಹತ್ತಿರವಿತ್ತು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಲೆನ್ಸಿನ ತಿರುಪು ಬಿಚ್ಚುವಾಗ ಇದ್ದಷ್ಟೇ ಗಮನ ಇತ್ತು.

ಮೂಲೆಯ ಮೇಜಿನಿಂದ ಹೆಂಡತಿ ಬಂದದ್ದು ಯಾರಿಗೂ ಕೇಳಿಸಲಿಲ್ಲ. ಅವಳು ಬೆಂಚಿನ ಮೇಲಿನ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಎತ್ತಿ ಅವನ ಕಿವಿಯ ಮೇಲೆ ಹೊಡೆದಳು. ಹಳೆಯ ಕ್ಯಾಮೆರಾಗಳ ಮೈ ಲೋಹದ್ದು. ಅವನು ಬಾಗಿದ, ಬೀಳಲಿಲ್ಲ. ಹೆಂಡತಿಯ ಕಡೆ ತಿರುಗಿ ಅಚ್ಚರಿಯಿಂದ ನೋಡಿದ. ಅವಳು ಇನ್ನೊಮ್ಮೆ ಹೊಡೆದಳು, ಇನ್ನೊಮ್ಮೆ ಹೊಡೆದಳು. ಮೂರನೆಯ ಏಟಿಗೆ ಕ್ಯಾಮೆರಾದ ಮೇಲ್ಭಾಗ ಕಿತ್ತು ಬಂತು, ಕನ್ನಡಿಯ ಚೂರು ನೆಲದ ಮೇಲೆ ಚೆಲ್ಲಿತು. ಅವನು ಬೆಂಚಿನ ಕಾಲು ಹಿಡಿದುಕೊಂಡು ಜಾರಿ ಕೂತ, ಆಮೇಲೆ ಮಲಗಿದ. ಕಿವಿಯಿಂದ ರಕ್ತ ಹರಿಯುತ್ತಿತ್ತು. ಉಸಿರಾಡುತ್ತಿದ್ದ.

ಅಕ್ಕ ಬಲಗೈಯಿಂದ ವೈಸಿನ ಹಿಡಿಯನ್ನು ಹಿಂದಕ್ಕೆ ತಿರುಗಿಸಿ ಬೆರಳು ಬಿಡಿಸಿಕೊಂಡಳು. ಅವು ಯಾರದೋ ಬೆರಳಿನ ಹಾಗೆ ತೂಗಿದವು. ಕೆಳಗೆ ಅಂಗಡಿಯ ಬಾಗಿಲು ತೆರೆದ ಸದ್ದು, ಆಮೇಲೆ ಮೆಟ್ಟಿಲ ಮೇಲೆ ವಾಚಿನವನ ನೋಯುವ ಮೊಣಕಾಲಿನ ಹೆಜ್ಜೆಗಳು.

ಹೆಂಡತಿ ಇನ್ನೂ ಒಡೆದ ಕ್ಯಾಮೆರಾ ಹಿಡಿದು ನಿಂತಿದ್ದಳು. ಅವಳ ಬಲಗೈಯ ಕಿರುಬೆರಳೂ ಪಕ್ಕದ ಬೆರಳೂ ಅದರ ಮೈಗೆ ಬಾಗದೆ, ನೆಟ್ಟಗೆ ಹೊರಗೆ ಚಾಚಿಕೊಂಡಿದ್ದವು. ಏಳು ವರ್ಷ ಆ ಕೈಯಿಂದಲೇ ಅಕ್ಕ ಟೀ ಲೋಟ ತೆಗೆದುಕೊಂಡಿದ್ದಳು.

“ಕೈ ತೋರಿಸು,” ಎಂದಳು ಅಕ್ಕ. “ಯಾವಾಗ ಆಗಿದ್ದು ಇದು?”

“ಮದುವೆಯಾದ ವರ್ಷ.”

“ಏಳು ವರ್ಷ! ಒಂದೇ ಸೂರಿನಡಿ ಇದ್ದು ನಂಗೊಂದು ಮಾತು ಹೇಳ್ಬಾರದಿತ್ತಾ?”

ಹೆಂಡತಿ ಅವಳನ್ನೇ ನೋಡಿದಳು. “ಹೇಳಿದ್ದೆ ಅತ್ತಿಗೆ,” ಎಂದಳು. “ಅವತ್ತೇ ಬಂದು ಹೇಳಿದ್ದೆ. ಬಾಗಿಲಿಗೆ ಸಿಕ್ಕಿರ್ಬೇಕು, ನೋಡ್ಕೊಂಡು ಕೆಲ್ಸ ಮಾಡು ಅಂದ್ರಿ. ನೀವೇ ಬಟ್ಟೆ ಕಟ್ಟಿದ್ರಿ.”

ಅಕ್ಕನಿಗೆ ನೆನಪಾಯಿತು. ಬಟ್ಟೆಯ ಬಣ್ಣ ಕೂಡ ನೆನಪಾಯಿತು.

ನೆಲದಿಂದ ತಮ್ಮ ತುಟಿ ಅಲುಗಿಸಿದ. “ಅಕ್ಕಾ,” ಎಂದ. ಚಿಕ್ಕವನಿದ್ದಾಗ ಕತ್ತಲಲ್ಲಿ ಕರೆಯುತ್ತಿದ್ದ ದನಿ. “ಬಿದ್ದೆ ಅಂತ ಹೇಳು. ಸ್ಟೂಲಿಂದ ಬಿದ್ದೆ ಅಂತ. ಇಲ್ದಿದ್ರೆ ಅವಳನ್ನ ಹಿಡ್ಕೊಂಡು ಹೋಗ್ತಾರೆ. ನಿನ್ನೂ ಹಿಡ್ಕೊಂಡು ಹೋಗ್ತಾರೆ. ಹೇಳು ಅಕ್ಕಾ.”

ವಾಚಿನವನು ಬಾಗಿಲಿಗೆ ಬಂದ. ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆಯುವುದನ್ನೂ ಮರೆತು ನೆಲ ನೋಡಿದ, ಇಬ್ಬರು ಹೆಂಗಸರನ್ನು ನೋಡಿದ. “ಏನಾಯ್ತು ಅಕ್ಕ?” ಎಂದ. “ಬಿದ್ನಾ?”

ತಮ್ಮನ ಕಣ್ಣು ಅವಳ ಮೇಲೆ ನೆಟ್ಟಿತ್ತು. ಹೆಂಡತಿಯ ಕಣ್ಣೂ ಅವಳ ಮೇಲೇ ಇತ್ತು, ಆ ಕಣ್ಣಿನಲ್ಲಿ ಯಾವ ಆಸೆಯೂ ಇರಲಿಲ್ಲ. ಅಕ್ಕ ಅವಳ ಪಕ್ಕ ಹೋಗಿ ನಿಂತಳು.

“ಬಿದ್ದಿಲ್ಲ,” ಎಂದಳು. “ಆಂಬ್ಯುಲೆನ್ಸ್‌ಗೆ ಫೋನ್ ಮಾಡಿ, ಪೊಲೀಸರಿಗೂ ಮಾಡಿ. ಅವರು ಬರೋವರೆಗೂ ಕೂತ್ಕೊಂಡು ಕೇಳಿ. ಮೊದ್ಲು ನನ್ನಿಂದ ಶುರು ಮಾಡ್ತೀನಿ. ನನ್ನ ಬೆರಳು ಲೇಥಿಗೆ ಸಿಕ್ಕಿದ್ದಲ್ಲ.”